ಬೀಗ ಹಾಕಿದ ಮನೆಗೆ ಏಳು ಸಿಲಿಂಡರ್

"ಗ್ಯಾಸ್ ಬಾರದೆ ಊರಿಗೆ ಹೋಗಿ ಎಂತ ಮಾಡ್ತಿ? ಮೂರು ಕಲ್ಲು ಇಟ್ಟು ಗಂಜಿ ಬೇಯಿಸ್ತಿಯಾ?"

ನೋಣಯ ಈ ಪ್ರಶ್ನೆ ಹಾಕಿದ್ದು ಬಂಗುಡೆ ಮೀನಿನ ಮುಳ್ಳು ಬಿಡಿಸುತ್ತಾ. 1996ರ ಜನವರಿಯ ಮೊದಲ ಶುಕ್ರವಾರ. ಸೌದಿಯ ಅಲ್ ಖೋಬರಿನ ತುಕ್ಬಾ ಬಡಾವಣೆಯಲ್ಲಿ ಅಬ್ದುಲ್ ಜಲೀಲನ ಕಿರಾಣಿ ಅಂಗಡಿಯ ಮೇಲಿನ ಎರಡು ಕೋಣೆಯ ಬಾಡಿಗೆ ಮನೆ. ನೆಲಕ್ಕೆ ಪ್ಲಾಸ್ಟಿಕ್ ಹಾಸು, ಅದರ ಸುತ್ತ ಐದು ತಟ್ಟೆ.

"ಬೇಯಿಸ್ತೇನೆ," ಎಂದಳು ಅವನ ಹೆಂಡತಿ ಪುಷ್ಪಾವತಿ. "ನನ್ನ ಅಮ್ಮ ಮೂರು ಕಲ್ಲಿನಲ್ಲೇ ಬೇಯಿಸಿ ನಮ್ಮನ್ನು ಸಾಕಿದ್ದು. ಯಾರೂ ಸಾಯಲಿಲ್ಲ."

"ಮಮ್ಮಿ, ಸ್ಮೋಕ್ ಬರ್ತದೆ," ಎಂದಳು ಹನ್ನೊಂದು ವರ್ಷದ ಅಕ್ಷಿತಾ.

"ಬಂದ್ರೆ ನಿನ್ನನ್ನೇ ಕೂರಿಸ್ತೇನೆ ಊದ್ಲಿಕ್ಕೆ."

ಮೂಲೆಯಲ್ಲಿ ಗೋಡೆಗೆ ಒರಗಿ ಉಣ್ಣುತ್ತಿದ್ದ ಕೊರಪೊಳು ನಕ್ಕಳು. ಆಕೆ ನೋಣಯನ ತಾಯಿ, ಎಪ್ಪತ್ತು ದಾಟಿದವಳು. ಮೂರು ತಿಂಗಳ ವಿಸಿಟ್ ವೀಸಾದಲ್ಲಿ ಡಿಸೆಂಬರ್ ಹನ್ನೆರಡಕ್ಕೆ ಬಂದಿದ್ದಳು. "ಇನ್ನೊಂದು ವರ್ಷ ಇಲ್ಲೇ ಇರು ಮಗಳೇ. ಎಂತ ಅವಸರ? ಇಲ್ಲಿ ನಳ್ಳಿ ತಿರುಗಿಸಿದ್ರೆ ಬಿಸಿನೀರು ಬರ್ತದೆ."

"ಏಳು ವರ್ಷದಿಂದ ಅದೇ ನಳ್ಳಿ ತಿರುಗಿಸ್ತಾ ಇದ್ದೇನೆ ಅತ್ತೆ. ಇನ್ನು ನನ್ನ ಮನೆಯ ನಳ್ಳಿ ತಿರುಗಿಸ್ತೇನೆ."

ಅವಳ ಮನೆ ಎಂದರೆ ಮಂಗಳೂರಿನ ಕಾವೂರಿನಲ್ಲಿ ಹೋದ ಏಪ್ರಿಲ್‌ನಲ್ಲಿ ಕೊಂಡ ಹೆಂಚಿನ ಮನೆ. ಮೊದಲನೆಯ ಸ್ವಂತ ಮನೆ. ನೋಣಯ ಒಬ್ಬನೇ ರಜೆಗೆ ಹೋಗಿ ರಿಜಿಸ್ಟ್ರಿ ಮಾಡಿಸಿ ಬಂದಿದ್ದ. ಪುಷ್ಪಾವತಿ ಅದರ ಹೊಸ್ತಿಲು ತುಳಿದಿರಲಿಲ್ಲ. ಅವಳ ಹತ್ತಿರ ಇದ್ದದ್ದು ಮೂವತ್ತಾರು ಫೋಟೋ, ಅಷ್ಟೇ. ಅದರಲ್ಲಿ ಅಡುಗೆಮನೆಯದ್ದು ನಾಲ್ಕು. ಅವಳು ಎತ್ತರದ ಹೆಂಗಸು. ಖೋಬರಿನ ಈ ಗಿಡ್ಡ ಅಡುಗೆ ಕಟ್ಟೆಗೆ ಬಗ್ಗಿ ಬಗ್ಗಿ ಸೊಂಟ ಬಿದ್ದುಹೋಗಿತ್ತು. ಅದಕ್ಕೇ ಹೋದ ಜುಲೈಯಲ್ಲಿ ತನ್ನ ಸೊಂಟದ ಎತ್ತರಕ್ಕೆ ನೂಲು ಅಳೆದು, ಗಂಟು ಹಾಕಿ, ನೋಣಯನ ಜೊತೆ ಕೆಲಸ ಮಾಡುವ ಹುಸೈನ್ ಊರಿಗೆ ಹೋಗುವಾಗ ಕೊಟ್ಟು ಕಳಿಸಿದ್ದಳು. "ಮೇಸ್ತ್ರಿಗೆ ಹೇಳಿ, ಕಟ್ಟೆ ಈ ಗಂಟಿನಷ್ಟು ಎತ್ತರ ಇರ್ಬೇಕು. ಒಂದಿಂಚು ಕಮ್ಮಿ ಆಗ್ಬಾರ್ದು." ಹುಸೈನ್ ತಿರುಗಿ ಬರುವಾಗ ಹೊಸ ಕಟ್ಟೆಯ ಫೋಟೋ ತಂದಿದ್ದ. ಅದನ್ನು ಅವಳು ಅಕ್ಕಿ ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿದ್ದಳು.

ಎಲ್ಲವೂ ಲೆಕ್ಕ ಹಾಕಿದಂತೆ ನಡೆಯಬೇಕಿತ್ತು. ದೊಡ್ಡವನು ತುಷಾರ್ ಮಾರ್ಚಿನಲ್ಲಿ ಹತ್ತನೇ ತರಗತಿ ಮುಗಿಸುತ್ತಾನೆ. ಮೇ ತಿಂಗಳಲ್ಲಿ ತಾಯಿ ಮಕ್ಕಳ ಇಕಾಮಾ, ಅಂದರೆ ಅಲ್ಲಿ ವಾಸದ ಪರವಾನಗಿ, ಮುಗಿಯುತ್ತದೆ. ಅದನ್ನು ಮತ್ತೆ ಮಾಡಿಸದೆ ಮೂವರೂ ಊರಿಗೆ ಹೋಗುವುದು, ಪುಷ್ಪಾವತಿ ತನ್ನ ಕೈಯಿಂದ ಹಾಲು ಉಕ್ಕಿಸಿ ಮನೆ ಒಕ್ಕಲು ಮಾಡುವುದು, ನೋಣಯ ಇನ್ನೆರಡು ವರ್ಷ ಇಲ್ಲೇ ಎಸಿ ರಿಪೇರಿ ಮಾಡಿಕೊಂಡು ಇರುವುದು. ಬಾಕಿ ಇದ್ದದ್ದು ಗ್ಯಾಸ್ ಒಂದೇ. 1988ರಲ್ಲಿ ಪುಷ್ಪಾವತಿ ತನ್ನ ಹೆಸರಿನಲ್ಲಿ ಸರಕಾರಿ ಗ್ಯಾಸ್ ಬುಕ್ ಮಾಡಿದ್ದಳು. ಎಂಟು ವರ್ಷವಾದರೂ ಸರದಿ ಬಂದಿರಲಿಲ್ಲ. ಹಾಗಂತ ಗಂಡ ಹೇಳುತ್ತಿದ್ದ.

"ಜಲೀಲ್‌ನ ತಮ್ಮ ಮಂಗಳೂರಲ್ಲಿ ಪ್ರೈವೇಟ್ ಗ್ಯಾಸಿನ ಏಜೆನ್ಸಿ ಹಿಡಿದಿದ್ದಾನಂತೆ," ಎಂದಳು ಪುಷ್ಪಾವತಿ. "ಕೆಳಗೆ ಅಂಗಡಿಯಲ್ಲೇ ಫಾರಂ ಉಂಟು. ಒಂದು ವಾರದಲ್ಲಿ ಸಿಲಿಂಡರ್ ಮನೆ ಬಾಗಿಲಿಗೆ. ಸರಕಾರದ್ದು ಬಿಟ್ಟು ಅದನ್ನೇ ಹಾಕಿಸುವ."

ನೋಣಯ ತಟ್ಟೆ ಸರಿಸಿದ. "ಪ್ರೈವೇಟ್‌ನವರು ಇವತ್ತು ಇರ್ತಾರೆ, ನಾಳೆ ಓಡ್ತಾರೆ. ಸರಕಾರದ್ದು ಬರ್ತದೆ, ಸ್ವಲ್ಪ ತಡಿ."

"ತಡೀತಾ ತಡೀತಾ ನನ್ನ ಕೂದಲು ಬೆಳ್ಳಗಾಯ್ತು ಮಾರಾಯ್ರೆ."

"ಬೇಡ ಅಂದ್ರೆ ಬೇಡ. ಆ ಫಾರಂ ಈ ಮನೆಗೆ ತರ್ಬೇಡ."

ಹೀಗೆ ಹೇಳಿದರೆ ಪುಷ್ಪಾವತಿ ಸುಮ್ಮನಿರುವವಳಲ್ಲ ಎಂದು ತಿಳಿಯಲು ನೋಣಯನಿಗೆ ಹದಿನೇಳು ವರ್ಷದ ಸಂಸಾರ ಸಾಲದೇ ಹೋಯಿತು. ಮರುದಿನ ಅವನು ಕಂಪನಿಯ ವ್ಯಾನ್ ಹತ್ತಿದ ಕೂಡಲೇ ಅವಳು ಕಪ್ಪು ಅಬಾಯಾ ನಿಲುವಂಗಿ ಸುತ್ತಿಕೊಂಡು ಕೆಳಗಿಳಿದಳು.

ಜಲೀಲ್ ಉಳ್ಳಾಲದವನು. "ಫಾರಂ ತುಂಬಿಸಿ ಇಡಿ ಅಕ್ಕ," ಎಂದ. "ಆದ್ರೆ ಹಳೆ ಬುಕಿಂಗ್ ಮೊದಲು ಕ್ಯಾನ್ಸಲ್ ಮಾಡಿ. ಎರಡು ಕಡೆ ಹೆಸರು ಯಾಕೆ?"

ಅವನ ಹೆಂಡತಿ ಆಯಿಶತ್ ಒಳಗಿನಿಂದ ಹೇಳಿದಳು, "ಕ್ಯಾನ್ಸಲಿಗೆ ಕಾಗದ ಬರೆದ್ರೆ ಉತ್ತರ ಎಲ್ಲಿಗೆ ಬರ್ಬೇಕು? ನಿನ್ನ ಗಂಡನ ಕಂಪನಿಯ ಪೋಸ್ಟ್ ಬಾಕ್ಸಿಗಾ? ಚಂದ ಆಯ್ತು!"

ಅಲ್ಲಿ ಮನೆ ಬಾಗಿಲಿಗೆ ಅಂಚೆಯವನು ಬರುವುದಿಲ್ಲ. ಊರಿನ ಕಾಗದವೆಲ್ಲ ಗಂಡನ ಕಂಪನಿಯ ಪೆಟ್ಟಿಗೆಗೆ ಬಂದು, ಗಂಡನ ಕಿಸೆಯಲ್ಲಿ ಕೂತು, ಸಂಜೆ ಮನೆ ಸೇರಬೇಕು. ಪುಷ್ಪಾವತಿ ಮಂಗಳೂರಿನ ಸರಕಾರಿ ಗ್ಯಾಸ್ ಏಜೆನ್ಸಿಗೆ ಕನ್ನಡದಲ್ಲಿ ಒಂದು ಕಾಗದ ಬರೆದು ಬುಕಿಂಗ್ ರದ್ದು ಮಾಡಲು ಕೇಳಿದಳು, ಉತ್ತರಕ್ಕೆ ಜಲೀಲನ ಅಂಗಡಿಯ ಪೋಸ್ಟ್ ಬಾಕ್ಸ್ ಕೊಟ್ಟಳು. ಹದಿನೇಳು ವರ್ಷದಲ್ಲಿ ಗಂಡನಿಗೆ ಗೊತ್ತಿಲ್ಲದೆ ಮಾಡಿದ ಮೊದಲ ಕೆಲಸ ಅದು. ಆ ರಾತ್ರಿ ಅವನಿಗೆ ಇಷ್ಟವೆಂದು ನೀರುದೋಸೆ ಮಾಡಿ ಹಾಕಿದಳು.

ರಂಜಾನ್ ತಿಂಗಳು ಬಂತು. ನೋಣಯನ ಕೆಲಸದ ಹೊತ್ತು ಕಡಿಮೆಯಾಯಿತು, ಮನೆಯಲ್ಲಿ ಕೂರುವ ಹೊತ್ತು ಹೆಚ್ಚಾಯಿತು. ತುಷಾರ್ ಪರೀಕ್ಷೆಗೆ ಓದುತ್ತಾ ಕೂತಿದ್ದ, ನಡುವೆ ಟಿವಿಗೆ ವಿಡಿಯೋ ಗೇಮ್ ಸಿಕ್ಕಿಸಿ ಅಮ್ಮನಿಂದ ಬೈಸಿಕೊಳ್ಳುತ್ತಿದ್ದ. ಕೊರಪೊಳಿಗೆ ದಿನಕ್ಕೆ ಎರಡು ಹೊತ್ತು ಕುಚ್ಚಲಕ್ಕಿ ಗಂಜಿಯೇ ಆಗಬೇಕು, ಅದು ಹೂವಿನಂತೆ ಬೇಯಬೇಕು. ನಡುನಡುವೆ ನಾಲ್ಕು ಸಲ ಬಿಸಿನೀರು. "ಅತ್ತೆ ಬಂದ ಮೇಲೆ ನಮ್ಮ ಗ್ಯಾಸ್ ಹತ್ತು ದಿನ ಮೊದಲೇ ಮುಗೀತದೆ," ಎಂದು ಪುಷ್ಪಾವತಿ ಆಯಿಶತಳ ಹತ್ತಿರ ನಗುತ್ತಾ ಹೇಳಿದ್ದೂ ಉಂಟು. ಬೇಸರದಿಂದ ಹೇಳಿದ್ದಲ್ಲ. ಮುದುಕಿ ಗಂಜಿ ಉಂಡು ಚಂದ ನಿದ್ದೆ ಮಾಡಿದರೆ ಅವಳಿಗೂ ಸಮಾಧಾನವಾಗುತ್ತಿತ್ತು.

ಫೆಬ್ರವರಿ ಎರಡನೇ ವಾರ ಆಯಿಶತ್ ಇಫ್ತಾರಿನ ಸಮೋಸದ ತಟ್ಟೆ ತಂದಳು. ತಟ್ಟೆಯ ಕೆಳಗೆ ಮಂಗಳೂರಿನ ಕಾಗದ ಇತ್ತು. ಇಬ್ಬರೂ ಅಡುಗೆಮನೆಯ ಬಾಗಿಲು ಓರೆ ಮಾಡಿ ಓದಿದರು.

ಏಜೆನ್ಸಿಯವರು ಕನ್ನಡದಲ್ಲೇ ಬರೆದಿದ್ದರು. ತಮ್ಮ ಹೆಸರಿನ ಗ್ಯಾಸ್ ಸಂಪರ್ಕವು 12-8-1995ರಂದೇ ಬಿಡುಗಡೆಯಾಗಿದೆ, ತಾವು ಈವರೆಗೆ ಏಳು ಸಿಲಿಂಡರ್ ಪಡೆದಿದ್ದೀರಿ, ಸಂಪರ್ಕ ಬೇಡವಾದರೆ ಇದರೊಂದಿಗಿರುವ ರದ್ದತಿ ಫಾರಂಗೆ ಸಹಿ ಮಾಡಿ ಸಿಲಿಂಡರ್ ಹಾಗೂ ರೆಗ್ಯುಲೇಟರ್ ಹಿಂತಿರುಗಿಸತಕ್ಕದ್ದು. ಕೆಳಗೆ ಏಳು ತಾರೀಕುಗಳ ಪಟ್ಟಿ.

"ಎಂತ ಇದು ಆಯಿಶತ್? ಬೀಗ ಹಾಕಿದ ಮನೆಗೆ ಏಳು ಸಿಲಿಂಡರಾ?"

"ಅಲ್ಲಾ! ಯಾರೋ ನಿನ್ನ ಹೆಸರಲ್ಲಿ ತೆಗೆದು ಬ್ಲಾಕಲ್ಲಿ ಮಾರ್ತಿದ್ದಾರೆ ಮಾರಾಯ್ತಿ. ಹಿಡಿಸಿ ಹಾಕು!"

ಪುಷ್ಪಾವತಿಗೂ ಹಾಗೇ ಕಂಡಿತು. ಕದ್ದುಮುಚ್ಚಿ ಕಾಗದ ಬರೆದ ಅಳುಕೂ ಹಾರಿಹೋಯಿತು. ರಾತ್ರಿ ಕೋಳಿ ಸಾರು ಬಡಿಸುತ್ತಲೇ ವಿಷಯ ಹೇಳಿಬಿಟ್ಟಳು. "ನಮ್ಮ ಗ್ಯಾಸ್ ಬಂದು ಆರು ತಿಂಗಳಾಯ್ತಂತೆ! ಯಾವನೋ ಕಳ್ಳ ಕದ್ದು ಉರಿಸ್ತಾ ಇದ್ದಾನೆ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಆ ಹಾಸಿನ ಸುತ್ತ ಮೂರು ಜನ ಹೆಗಲು ಮುಟ್ಟಿಕೊಂಡರು. ಕೊರಪೊಳು ತುಂಬಿದ ಲೋಟ ಮುಂದಿಟ್ಟುಕೊಂಡೇ ನೀರು ತರುತ್ತೇನೆಂದು ಎದ್ದಳು. ತುಷಾರ್ ಕೋಳಿಯ ಕಾಲು ಅರ್ಧಕ್ಕೇ ಬಿಟ್ಟು, "ಐ ಹ್ಯಾವ್ ಟು ಸ್ಟಡಿ," ಎಂದು ಕೋಣೆ ಸೇರಿದ. ನೋಣಯ ಕೈಯಲ್ಲಿದ್ದ ಖುಬ್ಬುಸ್ ರೊಟ್ಟಿಯನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

"ಆ ಕಾಗದ ಯಾವ ಅಡ್ರೆಸ್ಸಿಗೆ ಬಂತು?" ಎಂದು ಕೇಳಿದ.

"ಅಡ್ರೆಸ್ ಕಟ್ಟಿಕೊಂಡು ಎಂತ ಮಾರಾಯ್ರೆ? ಕಳ್ಳ ಯಾರು ಅಂತ ಕೇಳಿ!"

"ಥೀಫ್ ಹತ್ರ ಮನೆಯ ಕೀ ಉಂಟಾ?" ಎಂದು ಅಕ್ಷಿತಾ ಕೇಳಿದಳು.

"ಏಜೆನ್ಸಿಯವರ ತಪ್ಪು ಇರ್ಬೇಕು," ಎಂದ ನೋಣಯ. "ನಾನು ಫೋನ್ ಮಾಡಿ ವಿಚಾರಿಸ್ತೇನೆ. ನೀನು ಇದ್ರಲ್ಲಿ ತಲೆ ಹಾಕ್ಬೇಡ."

ವಾರ ಕಳೆದರೂ ಅವನು ಫೋನ್ ಮಾಡಲಿಲ್ಲ. ಕೇಳಿದರೆ ಲೈನ್ ಸಿಗುವುದಿಲ್ಲ ಎಂದ, ಆಮೇಲೆ ಈದ್ ಕಳೆಯಲಿ ಎಂದ. ಪುಷ್ಪಾವತಿ ಅವನನ್ನು ಕೇಳುವುದನ್ನೇ ಬಿಟ್ಟಳು. ಅವಳು ಪೊಲೀಸಲ್ಲ, ವಕೀಲೆಯಲ್ಲ. ಆದರೆ ಇಪ್ಪತ್ತು ವರ್ಷ ಒಲೆಯ ಮುಂದೆ ನಿಂತವಳು. ಒಂದು ದಿನ ಈರುಳ್ಳಿ ಹೆಚ್ಚುವುದನ್ನು ಬಿಟ್ಟು, ಕ್ಯಾಲೆಂಡರ್ ಇಳಿಸಿ, ಆ ಏಳು ತಾರೀಕುಗಳನ್ನು ಬೆರಳಲ್ಲಿ ಎಣಿಸಿದಳು.

ಮಾರುವ ಕಳ್ಳನಾದರೆ ಸಿಕ್ಕಿದಾಗೆಲ್ಲ ತೆಗೆಯಬೇಕಿತ್ತು. ಇದು ಹಾಗಿರಲಿಲ್ಲ. ಆಗಸ್ಟಿನಿಂದ ಇಪ್ಪತ್ಮೂರು ದಿನಕ್ಕೊಂದು, ಇಪ್ಪತ್ನಾಲ್ಕು ದಿನಕ್ಕೊಂದು, ಮತ್ತೆ ಇಪ್ಪತ್ನಾಲ್ಕು. ಇದು ಅನ್ನ ಬೇಯುವ ಮನೆ. ದೊಡ್ಡವರು ಮಕ್ಕಳು ಸೇರಿ ನಾಲ್ಕೈದು ತಲೆ ಉಣ್ಣುವ ಮನೆ. ಆರನೆಯ ಸಿಲಿಂಡರ್ ತೆಗೆದದ್ದು ಡಿಸೆಂಬರ್ ಹತ್ತಕ್ಕೆ. ಅದು ಮಾತ್ರ ಮೂವತ್ತೆರಡು ದಿನ ಬಂದಿತ್ತು.

ಡಿಸೆಂಬರ್ ಹತ್ತರ ನಂತರ ಆ ಮನೆಯಲ್ಲಿ ಒಂದು ತಲೆ ಕಮ್ಮಿಯಾಗಿದೆ. ಎರಡು ಹೊತ್ತು ಗಂಜಿ ಉಣ್ಣುವ, ನಾಲ್ಕು ಸಲ ಬಿಸಿನೀರು ಕುಡಿಯುವ ತಲೆ. ಪುಷ್ಪಾವತಿ ತಿರುಗಿ ನೋಡಿದಳು. ಹಾಲ್‌ನಲ್ಲಿ ಅತ್ತೆ ಕಾಲು ಚಾಚಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ಅತ್ತೆ, ನೀವು ಇಲ್ಲಿಗೆ ಬರುವ ಮೊದಲು ಎಲ್ಲಿದ್ದದ್ದು?"

"ಎಲ್ಲಿ ಅಂದ್ರೆ? ಹಳೆಯಂಗಡಿಯ ಬಾಡಿಗೆ ಮನೆಯಲ್ಲಿ."

"ಅಲ್ಲಿ ಗ್ಯಾಸ್ ಉಂಟಾ?"

"ಅಲ್ಲಿ ಎಂತ ಗ್ಯಾಸ್? ಸೌದೆ ಒಲೆ."

"ಮತ್ತೆ ಬಂದ ಮೊದಲ ದಿನವೇ ಇಲ್ಲಿಯ ಸ್ಟವ್ ಚಟ್ಟಂತ ಹಚ್ಚಿದಿರಲ್ಲ? ನಾನು ಹೇಳಿಕೊಡಲೇ ಇಲ್ಲ."

ಕೊರಪೊಳು ಬೆಳ್ಳುಳ್ಳಿಯಿಂದ ತಲೆ ಎತ್ತಲಿಲ್ಲ. "ನೋಡಿ ಕಲ್ತದ್ದು," ಎಂದಳು.

ಪುಷ್ಪಾವತಿ ಅಬಾಯಾ ಹಾಕಿಕೊಂಡಳು. ಕೆಳಗಿಳಿದು ಜಲೀಲನಿಗೆ ಹೇಳಿದಳು, "ನಿಮ್ಮ ತಮ್ಮನಿಗೆ ಒಂದು ಉಪಕಾರ ಮಾಡ್ಲಿಕ್ಕೆ ಹೇಳಿ. ಆ ಏಜೆನ್ಸಿಗೆ ಹೋಗಿ, ನನ್ನ ಹೆಸರಿನ ಗ್ಯಾಸ್ ಯಾರ ಕೈಗೆ ಕೊಟ್ರು, ಎಂತ ಕಾಗದ ನೋಡಿ ಕೊಟ್ರು, ಅದರ ನಕಲು ಬೇಕು." ಅವನ ತಮ್ಮನಿಗೆ ತೋರಿಸಲೆಂದು ಒಂದು ಒಪ್ಪಿಗೆ ಪತ್ರವನ್ನೂ ಬರೆದು ಕೊಟ್ಟಳು.

ಈದ್ ಕಳೆದು ಒಂಬತ್ತನೇ ದಿನಕ್ಕೆ ಪಕ್ಕದ ಟೈಪಿಂಗ್ ಅಂಗಡಿಗೆ ಫ್ಯಾಕ್ಸ್ ಬಂತು. ಸುರುಳಿ ಸುತ್ತಿಕೊಳ್ಳುವ ತೆಳು ಕಾಗದ. ಇಂಗ್ಲಿಷಿನಲ್ಲಿ ಇತ್ತು. ಪುಷ್ಪಾವತಿಗೆ ಮೊದಲು ಕಂಡದ್ದು ಕೆಳಗಿನ ಸಹಿ. ಅವಳದೇ ಸಹಿ, ಕನ್ನಡದ್ದು, ಕೊನೆಯ ಅಕ್ಷರದ ಕೆಳಗೆ ಗೆರೆ ಎಳೆಯುವ ಅವಳದೇ ಅಭ್ಯಾಸ. ಅದನ್ನು ಎಲ್ಲಿ ಹಾಕಿದ್ದೆಂದು ನೆನಪಾಗಲು ಹೊತ್ತು ಬೇಕಾಗಲಿಲ್ಲ. ಗಲ್ಫಿನವರಿಗೆಲ್ಲ ಇರುವ ರೂಢಿ ಅದು. ಊರಿಗೆ ಒಂದು ಕಾಗದ ಹೋಗಿ ಬರಲು ತಿಂಗಳು ಬೇಕು, ಅದಕ್ಕಾಗಿ ಯಾರಾದರೂ ರಜೆಗೆ ಹೊರಟರೆ ಕೆಳಗೆ ಬರೀ ಸಹಿ ಮಾಡಿದ ನಾಲ್ಕು ಬಿಳಿ ಹಾಳೆ ಕಳಿಸುವುದು. ಕರೆಂಟಿನ ಆಫೀಸಿಗೆ ಬೇಕಾದೀತು, ಪಂಚಾಯ್ತಿಗೆ ಬೇಕಾದೀತು. ಜುಲೈಯಲ್ಲಿ ಹುಸೈನನ ಕೈಯಲ್ಲಿ ನೂಲಿನ ಜೊತೆಗೇ ಕಳಿಸಲೆಂದು ಅವನ್ನು ಗಂಡನ ಕೈಗೆ ಕೊಟ್ಟಿದ್ದಳು. ಗಂಡ "ಸಹಿ ಮಾಡು" ಎಂದಾಗ ಯಾವ ಹೆಂಡತಿ "ಮೇಲೆ ಎಂತ ಬರೀತೀರಿ" ಎಂದು ಕೇಳುತ್ತಾಳೆ?

ಅಕ್ಷಿತಾಳನ್ನು ಕರೆದು ಓದಿಸಿದಳು. ಹುಡುಗಿ ಶಾಲೆಯ ಪಾಠ ಒಪ್ಪಿಸಿದಂತೆ ಓದಿ ಅರ್ಥ ಹೇಳಿದಳು. "ನಾನು ಸೌದಿಯಲ್ಲಿ ಇದ್ದೇನೆ, ಅದಕ್ಕೆ ನನ್ನ ಮನೆಯಲ್ಲಿ ವಾಸ ಇರುವ ನನ್ನ ನಾದಿನಿ ವಾರಿಜಳ ಹತ್ರ ಗ್ಯಾಸ್ ಕೊಡಿ ಅಂತ. ಮಮ್ಮಿ, ವಾರಿಜತ್ತೆ ನಮ್ಮ ಮನೆಯಲ್ಲಿ ಇದ್ದಾರಾ?" ಅಷ್ಟು ಹೇಳಿ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದಳು. "ಹೇ, ಇದು ಅಣ್ಣನ ಹ್ಯಾಂಡ್‌ರೈಟಿಂಗ್! ನೋಡಿ, ಜಿ ಬರೆಯುವಾಗ ಫಿಶ್ ಹುಕ್ ಥರ ಬರೀತಾನೆ."

ಪುಷ್ಪಾವತಿ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಗಂಡ ಮುಚ್ಚಿಟ್ಟಿದ್ದಾನೆಂದು ಅವಳಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಅತ್ತೆಗೂ ಗೊತ್ತೆಂದು ಸಿಲಿಂಡರೇ ಹೇಳಿತ್ತು. ಮಗನನ್ನು ಮಾತ್ರ ಅವಳು ಲೆಕ್ಕಕ್ಕೇ ಹಿಡಿದಿರಲಿಲ್ಲ. ಕುಕ್ಕರ್ ಕೂಗಿ ಕೂಗಿ ಸೋತಿತು. ಅಕ್ಷಿತಾಳೇ ಗ್ಯಾಸ್ ಆರಿಸಿದಳು.

ಸಂಜೆ ತಾರಸಿಯ ಮೇಲೆ ಒಗೆದ ಬಟ್ಟೆ ಹರಡಲು ತುಷಾರನನ್ನು ಕರೆದುಕೊಂಡು ಹೋದಳು. ಅವನು ಅವಳಿಗಿಂತ ಎತ್ತರ ಬೆಳೆದಿದ್ದ. ಒದ್ದೆ ಬೆಡ್‌ಶೀಟಿನ ಒಂದು ತುದಿ ಅವನ ಕೈಗೆ ಕೊಟ್ಟು, ಇನ್ನೊಂದು ತುದಿ ತಾನು ಹಿಡಿದು ಹಿಂಡುತ್ತಾ ಕೇಳಿದಳು, "ವಾರಿಜತ್ತೆಗೆ ಗ್ಯಾಸ್ ಕೊಡಿ ಅಂತ ಬರೆದದ್ದು ನೀನಾ?"

ಅವನ ಕೈ ಸಡಿಲಾಯಿತು. ಬೆಡ್‌ಶೀಟ್ ನೆಲಕ್ಕೆ ಬಿತ್ತು. "ಪಪ್ಪ ಹೇಳಿದ್ರು ಮಮ್ಮಿ. ಟೆಂಪರರಿ ಅಂತ ಹೇಳಿದ್ರು. ಮಮ್ಮಿಗೆ ಟೆನ್ಶನ್ ಆಗ್ತದೆ, ಹೇಳ್ಬೇಡ ಅಂದ್ರು."

"ಅದಕ್ಕೇ ಆ ವಿಡಿಯೋ ಗೇಮಾ? ಆಗಸ್ಟಲ್ಲಿ ಬಂದದ್ದು?"

ಅವನು ತಂತಿಯ ಕ್ಲಿಪ್ಪುಗಳನ್ನು ಒಂದೊಂದೇ ಸರಿಸತೊಡಗಿದ.

"ನಾನು ನಿನ್ನ ಅಪ್ಪನಿಗೆ ಥ್ಯಾಂಕ್ಸ್ ಹೇಳಿದ್ದೆ ಮಾರಾಯ, ಮಗನಿಗೆ ತಂದ್ರಲ್ಲ ಅಂತ! ಆರು ತಿಂಗಳು ಆ ಕಟ್ಟೆಯ ಫೋಟೋ ನೋಡಿ ನೋಡಿ ನಗಾಡಿದ್ದೇನೆ. ನೀನೂ ಜೊತೆಗೆ ನಿಂತು ನಗಾಡಿದ್ದಿ."

"ಸಾರಿ ಮಮ್ಮಿ."

"ಬೆಡ್‌ಶೀಟ್ ಎತ್ತು. ಮತ್ತೆ ಒಗೀಬೇಕು."

ಅವಳು ಆ ವಾರವಿಡೀ ಯಾರಿಗೂ ಏನೂ ಹೇಳಲಿಲ್ಲ. ಅಡುಗೆ ಮಾಡಿದಳು, ಬಡಿಸಿದಳು, ತಾನು ಅಡುಗೆಮನೆಯಲ್ಲಿ ನಿಂತೇ ಉಂಡಳು. ತುಷಾರ್ ಅಪ್ಪನಿಗೆ ಹೇಳಿದನೋ ಏನೋ, ನೋಣಯ ಮನೆಗೆ ತಡವಾಗಿ ಬರತೊಡಗಿದ. ಕೊರಪೊಳು ಹೊರಡುವುದಕ್ಕೆ ನಾಲ್ಕು ದಿನ ಬಾಕಿ ಇದ್ದಾಗ ಶುಕ್ರವಾರ ಬಂತು. ಎಲ್ಲರೂ ಊಟಕ್ಕೆ ಕೂತರು. ಪುಷ್ಪಾವತಿ ಅನ್ನದ ಪಾತ್ರೆಯ ಬದಲು ಮೂರು ಕಾಗದ ತಂದು ಹಾಸಿನ ನಡುವೆ ಇಟ್ಟಳು. ಫ್ಯಾಕ್ಸ್, ಸರಕಾರಿ ಗ್ಯಾಸಿನ ರದ್ದತಿ ಫಾರಂ, ಜಲೀಲನ ತಮ್ಮನ ಪ್ರೈವೇಟ್ ಗ್ಯಾಸಿನ ಫಾರಂ.

"ವಾರಿಜ ಯಾವಾಗಿಂದ ನನ್ನ ಮನೆಯಲ್ಲಿ ಇದ್ದಾಳೆ?"

ನೋಣಯ ಕೆಮ್ಮಿದ. "ಆಗಸ್ಟಿಂದ. ಅವಳ ಗಂಡ ಜುಲೈಯಲ್ಲೇ ಕುಡಿದು ಹೊಡೆದು ಮನೆಯಿಂದ ಹೊರಗೆ ಹಾಕಿದ. ಮೂರು ಮಕ್ಕಳು. ಬೀದಿಯಲ್ಲಿ ನಿಲ್ಲಿಸ್ಬೇಕಿತ್ತಾ?"

"ನನ್ನ ಹತ್ರ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಬೇಡ ಅನ್ನುತ್ತಿದ್ದಿ."

"ಹೌದು, ಎರಡು ದಿನ ಬೇಡ ಅನ್ನುತ್ತಿದ್ದೆ. ಮೂರನೇ ದಿನ ನಾನೇ ಅವಳಿಗೆ ಪಾತ್ರೆ ಪರಡಿ ಕಳಿಸ್ತಿದ್ದೆ. ಹದಿನೇಳು ವರ್ಷ ಜೊತೆಗಿದ್ದು ನಿಮಗೆ ಅಷ್ಟೂ ಗೊತ್ತಾಗ್ಲಿಲ್ವಾ?"

ಕೊರಪೊಳು ನಡುವೆ ಬಾಯಿ ಹಾಕಿದಳು. "ನಮ್ಮದು ಅಳಿಯ ಸಂತಾನದ ಕಟ್ಟು ಮಗಳೇ. ಅಣ್ಣನ ಮನೆ ಅಂದ್ರೆ ತಂಗಿಯದ್ದೂ ಹೌದು. ಹಿಂದಿನಿಂದ ನಡೆದು ಬಂದದ್ದು."

"ಆ ಲೆಕ್ಕ ಹಿಡಿದ್ರೆ ನನ್ನ ಅಣ್ಣನ ಮನೆ ನನ್ನದು ಅತ್ತೆ! ನಾನು ಯಾವತ್ತಾದ್ರೂ ಹೋಗಿ ಅವನ ಹೆಂಡತಿಯ ಒಲೆ ಹಚ್ಚಿದ್ದೇನಾ?"

"ಹಾಗಲ್ಲ. ವಾರಿಜ ಸುಖದಲ್ಲಿ ಇದ್ದಾಳೆ ಅಂತ ತಿಳ್ಕೊಂಡಿದ್ದೀಯಾ? ಆ ಕಟ್ಟೆ ಅವಳಿಗೆ ಎತ್ತರ ಆಗ್ತದೆ. ಕಾಲ ಕೆಳಗೆ ಮಣೆ ಹಾಕಿ ನಿಂತು ಬೇಯಿಸ್ತಾಳೆ ಪಾಪ."

ಮುದುಕಿ ಮರುಕದಿಂದಲೇ ಹೇಳಿದಳು. ಆದರೆ ಆ ಮಾತಿಗೆ ಪುಷ್ಪಾವತಿಯ ಮುಖದಲ್ಲಿ ಬಣ್ಣ ಉಳಿಯಲಿಲ್ಲ. ಅವಳು ಸೊಂಟಕ್ಕೆ ನೂಲು ಹಿಡಿದು ಗಂಟು ಹಾಕಿದ್ದು ಎಲ್ಲರಿಗೂ ನೆನಪಿತ್ತು. ನೂಲಿನ ಕೆಳತುದಿಯನ್ನು ಅಂದು ನೆಲಕ್ಕೆ ಒತ್ತಿ ಹಿಡಿದವನು ನೋಣಯನೇ.

"ಹಾಲು ಯಾರು ಉಕ್ಕಿಸಿದ್ದು?" ಎಂದು ಅವಳು ಕೇಳಿದಳು.

ಕೊರಪೊಳು ಮಗನ ಮುಖ ನೋಡಿದಳು.

"ಅತ್ತೆ, ನಿಮ್ಮನ್ನೇ ಕೇಳಿದ್ದು. ನನ್ನ ಮನೆಯಲ್ಲಿ, ನನ್ನ ಕಟ್ಟೆಯ ಮೇಲೆ, ನನ್ನ ಹೆಸರಿನ ಗ್ಯಾಸಲ್ಲಿ ಮೊದಲ ಹಾಲು ಉಕ್ಕಿಸಿದ್ದು ಯಾರು?"

"ಹಾಲು ಉಕ್ಕಿಸದೆ ಮನೆ ಹೊಗ್ಲಿಕ್ಕೆ ಉಂಟಾ? ಒಳ್ಳೆ ದಿನ ನೋಡಿ ವಾರಿಜಳ ಕೈಯಿಂದ ಉಕ್ಕಿಸಿದ್ದು. ನೋಣಯನ ಹತ್ರ ಫೋನಲ್ಲಿ ಕೇಳಿಯೇ ಮಾಡಿದ್ದು."

"ಫೋನಲ್ಲಿ," ಎಂದಳು ಪುಷ್ಪಾವತಿ. ಗಂಡನನ್ನು ನೋಡಿದಳು. "ಆಗ ಲೈನ್ ಸಿಕ್ಕಿತಾ?"

ನೋಣಯ ತಲೆ ತಗ್ಗಿಸಿ ಖಾಲಿ ತಟ್ಟೆ ನೋಡುತ್ತಾ ಕೂತ. ಅಕ್ಷಿತಾ ಅಳಲು ಶುರುಮಾಡಿದಳು. ಪುಷ್ಪಾವತಿಯ ಕಣ್ಣಲ್ಲೂ ನೀರು ಬಂತು, ಅವಳು ಅದನ್ನು ತೋಳಿನಿಂದ ಒರಸಿ ರದ್ದತಿ ಫಾರಂ ಎತ್ತಿಕೊಂಡಳು. ಆ ಕಾಗದಕ್ಕೆ ಅವಳು ಒಂದು ಸಹಿ ಹಾಕಿದರೆ ಸಾಕು, ಏಜೆನ್ಸಿಯವರು ಕಾವೂರಿಗೆ ಬಂದು ಸಿಲಿಂಡರ್ ಹೊತ್ತೊಯ್ಯುತ್ತಾರೆ. ಅದು ಎಲ್ಲರಿಗೂ ಗೊತ್ತಿತ್ತು.

"ಬೇಡ ಮಾರಾಯ್ತಿ," ಎಂದ ನೋಣಯ. "ನನ್ನ ಮೇಲಿನ ಸಿಟ್ಟು ಮಕ್ಕಳ ಹೊಟ್ಟೆಯ ಮೇಲೆ ತೀರಿಸ್ಬೇಡ."

"ಇಷ್ಟೇ ಅಲ್ವಾ ನೀವು ನನ್ನನ್ನು ತಿಳ್ಕೊಂಡದ್ದು!" ಅವಳು ಫಾರಂ ಅನ್ನು ನಾಲ್ಕು ಚೂರು ಮಾಡಿ ಅವನ ಖಾಲಿ ತಟ್ಟೆಗೆ ಹಾಕಿದಳು. "ಉರಿಯುವ ಒಲೆ ಆರಿಸುವ ಹೆಂಗಸು ನಾನಲ್ಲ. ಆ ಗ್ಯಾಸ್ ವಾರಿಜಳಿಗೇ ಇರ್ಲಿ. ಅವಳು ಹಾಲು ಉಕ್ಕಿಸಿದ ಒಲೆ ನನಗೆ ಬೇಡ. ನನ್ನದು ನಾನು ಬೇರೆ ಹಾಕಿಸ್ತೇನೆ."

ಅವಳು ಪ್ರೈವೇಟ್ ಗ್ಯಾಸಿನ ಫಾರಂ ಮುಂದೆ ಎಳೆದುಕೊಂಡು ಬರೆಯತೊಡಗಿದಳು. ಹೆಸರು. ಕಾವೂರಿನ ಮನೆಯ ನಂಬರ್. ಸಿಲಿಂಡರ್ ಬೇಕಾದ ದಿನಕ್ಕೆ ಮೇ ಹದಿನಾಲ್ಕು.

ಕೊರಪೊಳಿಗೆ ಆಗ ಅರ್ಥವಾಯಿತು. "ಅಯ್ಯೋ ಮಗಳೇ, ಒಂದೇ ಮನೆಯೊಳಗೆ ಎರಡು ಒಲೆಯಾ? ಪಾಲಾದ ಮನೆ ಅಂತ ಊರವರು ಆಡಿಕೊಳ್ಳುದಿಲ್ವಾ?"

"ಪಾಲಾದದ್ದು ಆಗಸ್ಟ್ ಹನ್ನೆರಡಕ್ಕೆ ಅತ್ತೆ. ನನಗೆ ಗೊತ್ತಾದದ್ದು ಈಗ." ಅವಳು ಬರೆಯುವುದನ್ನು ನಿಲ್ಲಿಸಲಿಲ್ಲ. "ವಾರಿಜ ಆ ಬದಿಯಲ್ಲಿ ಬೇಯಿಸಲಿ, ನಾನು ಈ ಬದಿಯಲ್ಲಿ ಬೇಯಿಸ್ತೇನೆ. ಅವಳ ಮಕ್ಕಳು ಬಂದು ಕೇಳಿದ್ರೆ ಅನ್ನ ಹಾಕ್ತೇನೆ. ಆದ್ರೆ ಒಲೆ ಬೇರೆ."

ಫಾರಂನ ಕೊನೆಯಲ್ಲಿ ಒಂದು ಸಾಲು ಉಳಿದಿತ್ತು. ಈ ಸಂಪರ್ಕದಿಂದ ಅಡುಗೆ ಮಾಡಿಕೊಳ್ಳುವ ಕುಟುಂಬದ ಸದಸ್ಯರ ಸಂಖ್ಯೆ. ಅವಳು ಅದನ್ನು ಗಟ್ಟಿಯಾಗಿ ಓದಿದಳು.

"ನಾನು, ಅಕ್ಷಿತಾ, ಇಬ್ಬರು. ಇನ್ನು ನೀವು ಹೇಳಿ ಮಾರಾಯ್ರೆ. ರಜೆಗೆ ಬಂದಾಗ ನಿಮಗೆ ಊಟ ಯಾವ ಒಲೆಯದ್ದು? ನಿಮ್ಮ ಹೆಸರು ಯಾವುದಕ್ಕೆ ಬರೀಲಿ?"

ನೋಣಯ ತಾಯಿಯನ್ನು ನೋಡಿದ. ತಾಯಿ ಸೆರಗಿನ ತುದಿ ತಿರುಚುತ್ತಾ ಕೂತಿದ್ದಳು.

"ಅಮ್ಮಾ," ಎಂದ ತುಷಾರ್. ಅವನು ಅವಳನ್ನು ಹಾಗೆ ಕರೆದು ವರ್ಷಗಳಾಗಿದ್ದವು. "ನನ್ನನ್ನೂ ಬರಿ."

ಪುಷ್ಪಾವತಿ ಪೆನ್ನು ಅವನ ಕಡೆ ಚಾಚಿದಳು. "ನೀನೇ ಬರಿ. ನನ್ನ ಸಹಿಯ ಮೇಲೆ ಬರೆದು ನಿನಗೆ ಅಭ್ಯಾಸ ಉಂಟಲ್ಲ."

ಹುಡುಗ ಪೆನ್ನು ತೆಗೆದುಕೊಂಡ. ಮೂರು ಎಂದು ಬರೆದು, ಮತ್ತೊಮ್ಮೆ ಅದರ ಮೇಲೆಯೇ ತಿದ್ದಿದ. ಪುಷ್ಪಾವತಿ ಕಾಗದ ತೆಗೆದುಕೊಂಡು, ಕೊನೆಯ ಸಾಲಿಗೆ ತಾಗಿಸಿ, ಒಂದು ಬೆರಳಿನಷ್ಟೂ ಜಾಗ ಬಿಡದೆ ಸಹಿ ಮಾಡಿದಳು. ಅಕ್ಷರದ ಕೆಳಗೆ ಗೆರೆ ಎಳೆದಳು.

ಅಬಾಯಾ ಹಾಕಿಕೊಂಡು ಬಾಗಿಲಲ್ಲಿ ಒಂದು ಕ್ಷಣ ನಿಂತಳು. "ಜಲೀಲ್ ನಮಾಜಿಗೆ ಅಂಗಡಿ ಮುಚ್ಚುವ ಹೊತ್ತಾಯ್ತು. ಹೇಳ್ಲಿಕ್ಕೆ ಇದ್ರೆ ಈಗ ಹೇಳಿ."

ನೋಣಯ ಕಾಗದದ ಚೂರು ಬಿದ್ದ ತಟ್ಟೆಯಿಂದ ಕಣ್ಣು ತೆಗೆಯಲಿಲ್ಲ.

ಕೆಳಗೆ ಜಲೀಲ್ ಅರ್ಧ ಶಟರ್ ಎಳೆದಿದ್ದ. ಅವಳನ್ನು ನೋಡಿ ಬಗ್ಗಿ ಒಳಗೆ ಬಂದು ಫಾರಂ ಇಸಿದುಕೊಂಡ. ಸಾಲು ಸಾಲು ಬೆರಳಿಟ್ಟು ಓದಿದ.

"ಸದಸ್ಯರು ಮೂರು ಅಂತ ಬರೆದದ್ದು ತಪ್ಪಲ್ವಾ ಅಕ್ಕ? ನೀವು ನಾಲ್ಕು ಜನ."

"ತಪ್ಪಲ್ಲ," ಎಂದಳು ಪುಷ್ಪಾವತಿ. "ಮೇಲೆ ಕೇಳಿಯೇ ಬರೆದದ್ದು."